ಗ್ರಂದಿಗೆ ಅಂಗಡಿ ಮದ್ದು

ನನ್ ತಂಗಿ ಸಿದ್ದಲಕ್ಷ್ಮಿ ಮನೆ ಗುಬ್ಬೀಲಿ. ಎಪ್ಪತ್ತೆಂಟನೇ ಇಸ್ವೀಲಿ ಅವ್ಳ ಸೊಸೆ ರಂಗಲಕ್ಷ್ಮಿ ಉಣ್ಣೋದು ನೋಡ್ಬೇಕಿತ್ತು ನೀವು. ಗುಂಡುಕಲ್ಲು ಗಾತ್ರದ್ ಮುದ್ದೆ, ಒಂದಾದ್ಮೇಲೊಂದು. ಮೈ ಮಾತ್ರ ಒಣಗಿದ್ ತೆಂಗಿನ ಗರಿ. ಮಾಗಿ ಚಳೀಲೂ ಬೆವರೋಳು, ರಾತ್ರಿಯೆಲ್ಲ ನಿದ್ದೆ ಇಲ್ಲ, ಕೈ ನಡುಗೋದು, ಕಣ್ಗುಡ್ಡೆ ಈಚೆಗ್ ಬಂದಿದ್ವು. ಎದೆ ಹೊಡ್ಕೊಳ್ಳೋ ಸದ್ದು ರೈಲ್ವೆ ಸ್ಟೇಷನ್‌ಗಂಟ ಕೇಳ್ತಿತ್ತು.

ಗಾಳಿ ಮೆಟ್ಕೊಂಡದೆ, ತಿಂದಿದ್ದೆಲ್ಲ ಅದೇ ಉಣ್ತದೆ ಅಂದ್ಲು ನನ್ ತಂಗಿ. ಹುತ್ರಿದುರ್ಗಕ್ಕೆ ಅವ್ಳ ತವರಿಗೆ ಬುಟ್ಬಾ, ಮತ್ತೆ ಕರ್ಕೊಂಬರಬ್ಯಾಡ ಅಂತ ಮಗ ಅಂಜನಮೂರ್ತಿಗೆ ಹೇಳ್ಬುಟ್ಲು. ಅವ್ವನ್ ಮುಂದೆ ಅವ್ನು ಬಾಯಿ ಬಿಟ್ಟೋನೇ ಅಲ್ಲ. ಹುಡ್ಗಿ ಗಂಟು ಕಟ್ಕೊಂಡು ಅಳ್ತಿದ್ಲು. ದಾರೀಲಿ ತುಮಕೂರಲ್ಲಿ ಡಾಕ್ಟ್ರಿಗೆ ತೋರ್ಸ್ಲಾ ಅಂತ ನಾನೂ ಬಸ್ ಹತ್ತಿದೆ.

ಡಾಕ್ಟ್ರು ಅವ್ಳ ಕತ್ತು ಮುಟ್ಟಿ, ನೀರು ನುಂಗ್ಸಿ ನೋಡಿದ್ರು, ರಕ್ತ ತಗಂಡ್ರು. ಗ್ರಂಥಿ ಅಂದ್ರು. ಕತ್ತಲ್ಲಿರೋ ಗ್ರಂಥಿ ರಸ ಬುಡ್ತದಂತೆ, ಅದು ರಕ್ತಕ್ ಸೇರಿ ಮೈನೆಲ್ಲ ನಡೆಸ್ತದಂತೆ. ಇವ್ಳಿಗೆ ಜಾಸ್ತಿಯಾಗಿ ಎದೆ, ಹೊಟ್ಟೆ, ನರ ಎಲ್ಲ ಓಡ್ತಾ ಅವೆ. ಸಾಕು ಅಂತ ಮಿದುಳು ಹೇಳಿದ್ರೂ ಗ್ರಂಥಿ ಕೇಳ್ತಿಲ್ಲ. ನನ್ ತಂಗಿ ಜಾತಿದು ಬುಡಿ ಅಂದೆ ನಾನು.

ಡಾಕ್ಟ್ರು ಮಾತ್ರೆ ಚೀಟಿ ಬರೆಯೋದ್ರೊಳ್ಗೆ ಅಂಜನಮೂರ್ತಿ ನಾಪತ್ತೆ. ಆಮೇಲೆ ಏದುಸಿರು ಬಿಡ್ತಾ ಬಂದ. ಚೀಲದ್ ತುಂಬ ಬಜೆ, ಹಿಪ್ಪಲಿ, ಅದೇನೇನೋ ಬೇರು. ಡಾಕ್ಟ್ರು ಗ್ರಂದಿಗೆ ಅಂದ್ರಲ್ಲ, ಪ್ಯಾಟೆ ಗ್ರಂದಿಗೆ ಅಂಗಡೀಲಿ ಇದ್ದಿದ್ದೆಲ್ಲ ಕಟ್ಟಿಸ್ಕೊಂಡು ಬಂದೆ ಅಂತಾನೆ. ಡಾಕ್ಟ್ರು ನಕ್ಕಿದ್ದಕ್ಕೆ ಕುರ್ಚಿ ಕಾಲೇ ಮುರೀತು. ರಂಗಲಕ್ಷ್ಮೀನೂ ಸೆರಗು ಬಾಯಿಗಿಟ್ಕೊಂಡು ನಕ್ಳು.

"ಏನ್ಲಾ, ಬುಟ್ಬರಕ್ಕೆ ಹೊಂಟೋನು ಮದ್ದಿಗ್ಯಾಕ್ಲಾ ಓಡ್ದೆ?" ಅಂದೆ.

ಬಸ್ ಸ್ಟಾಂಡಲ್ಲಿ ಅವ್ಳ ತವರಿನ್ ಕಡೆ ಹೋಗೋ ಕುಣಿಗಲ್ ಬಸ್ಸು ಹಾರನ್ ಹೊಡೀತಾ ನಿಂತಿತ್ತು. ಅಂಜನಮೂರ್ತಿ ಅವ್ಳ ಗಂಟು ಎತ್ಕೊಂಡು ಗುಬ್ಬಿ ಬಸ್ ಹತ್ತಿದ.

ಸಿದ್ದಲಕ್ಷ್ಮಿ ಬಾಗ್ಲಲ್ಲೇ ಅಡ್ಡ ನಿಂತ್ಲು. "ಇದು ಗಾಳಿಯಲ್ಲ ಕಣವ್ವ, ಕಾಯ್ಲೆ. ಇವ್ಳನ್ನ ಎಲ್ಲೂ ಬುಡಲ್ಲ," ಅಂದ ಅಂಜನಮೂರ್ತಿ. ಹುಟ್ಟಿದ್ಮೇಲೆ ಅವ್ವನ್ಗೆ ಎದುರಾಡಿದ್ದು ಅದೇ ಮೊದ್ಲು.

ಮಾತ್ರೆ ಹಿಡಿಯಕ್ಕೆ ತಿಂಗಳುಗಟ್ಲೆ ಆಯ್ತು. ಒಂದಿನ ಬೆಳಿಗ್ಗೆ ಹೋದ್ರೆ ಸೊಸೆ ಬಿಸ್ಲೇರಿದ್ರೂ ಗೊರಕೆ ಹೊಡೀತಾವ್ಳೆ, ಅತ್ತೆ ಅಂಗಳ ಗುಡಿಸ್ತಾವ್ಳೆ. ಎಬ್ಬಿಸ್ಲೇನೇ ಅಂದೆ.

"ಮೆತ್ಗೆ ಮಾತಾಡಕ್ಕ, ಈಗ್ ನಿದ್ದೆ ಬಂದದೆ," ಅಂದ್ಲು ಸಿದ್ದಲಕ್ಷ್ಮಿ.