ಎರಡನೆಯ ಓದು

ಎದುರು ಸೀಟಿನ ಹೆಂಗಸು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಳೆ, ಎಲೆ ಚೀಲಕ್ಕೆ, ದಂಟು ಪೇಪರಿಗೆ, ಕಣ್ಣು ಮಾತ್ರ ಕಿಟಕಿಯಾಚೆ, ಒಂದು ಸಲವೂ ಕೈ ತಪ್ಪುವುದಿಲ್ಲ — ನೋಡದೆ ಮಾಡುವಷ್ಟು ಅಭ್ಯಾಸ, ಈ ಅಭ್ಯಾಸವೇ ಅಲ್ಲವೇ ನನ್ನನ್ನು ಹಾಳು ಮಾಡಿದ್ದು ಎಂದುಕೊಂಡಳು ಪ್ರಫುಲ್ಲಾ, ಮತ್ತೆ ಫೋನ್ ನೋಡಿದಳು, ಇಲ್ಲ, ಸಂಯುಕ್ತಾ ಇನ್ನೂ ಮಾಡಿಲ್ಲ, ಬೆಳಗ್ಗೆಯಿಂದ ಇವಳೇ ಆರು ಸಲ ಮಾಡಿದ್ದಾಯಿತು, ಮೀಟಿಂಗಿನಲ್ಲಿದ್ದೇನೆ ಎಂಬ ಒಂದು ಸಾಲು ಬಿಟ್ಟರೆ ಸುದ್ದಿಯಿಲ್ಲ, ಅದಕ್ಕೇ ತಾನೇ ಸೀರೆಯನ್ನೂ ಬದಲಿಸದೆ ವರ್ತಕ ನಗರದಿಂದ ರಿಕ್ಷಾ ಹಿಡಿದು ಠಾಣೆ ರೈಲ್ವೆ ಸ್ಟೇಷನ್ನಿಗೆ ಓಡಿ ಬಂದು ಈ ಲೋಕಲ್ ಗಾಡಿ ಹತ್ತಿದ್ದು, ದಿಘಾ ಆದ ಮೇಲೆ ಐರೋಲಿ, ಇಳಿದರೆ ಹಳೆಯ ಓಲೆಗರಿಗಳನ್ನು ಓದಿಸುವ ವೆಬ್‌ಸೈಟು ನಡೆಸುವ ಸಂಯುಕ್ತಾಳ ಆಫೀಸು, ಮೀಟಿಂಗಿನ ಬಾಗಿಲು ಬಡಿದಾದರೂ ಕೇಳಬೇಕು, ಆ ಅಂಗಾರ ಎನ್ನುವವರ ನಂಬರ್ ಕೊಡು ಮಾರಾಯ್ತಿ ಎಂದು. ಭಿವಂಡಿಯ ಅಂಗಾರ. ನಿನ್ನೆ ಸಂಜೆ ಆತ ಬರೆದದ್ದನ್ನು ಇವಳು ನೋಡಿದ್ದು ಇವತ್ತು ಬೆಳಗ್ಗೆ, ಕಾಫಿ ಲೋಟ ಹಿಡಿದು ಕಂಪ್ಯೂಟರಿನ ಮುಂದೆ ಕೂತಾಗ, ಓಲೆಗರಿಯ ಫೋಟೋದ ಕೆಳಗೆ, ಇದನ್ನು ಓದಿಕೊಟ್ಟ ಪುಣ್ಯಾತ್ಮರಿಗೆ ನಮಸ್ಕಾರ, ನನ್ನ ತಾಯಿಗೆ ಇಪ್ಪತ್ತು ವರ್ಷದ ಉಬ್ಬಸ, ನಮ್ಮ ಅಜ್ಜ ಇದೇ ಮದ್ದು ಅರೆಯುತ್ತಿದ್ದರು, ಎಷ್ಟು ಹಾಕಬೇಕೆಂಬುದು ಅವರೊಂದಿಗೇ ಹೋಯಿತು, ಈಗ ಸಿಕ್ಕಿತು, ಇವತ್ತು ಮಲಗುವ ಮೊದಲು ಕೊಡುತ್ತೇವೆ. ಸಿಕ್ಕಿತಂತೆ! ಎಲ್ಲಿ ಸಿಕ್ಕಿತು, ಓಲೆಯಲ್ಲಿ ಎಷ್ಟು ಎಂಬುದು ಇಲ್ಲವೇ ಇಲ್ಲ, ಉಮ್ಮತ್ತಿ ಬೀಜ ಎಂದಿದೆ, ಜೇನಿನಲ್ಲಿ ಅರೆದು ಎಂದಿದೆ, ನಡುವೆ ತೂತು, ಹುಳು ಕೊರೆದ ತೂತು, ಸಾಸಿವೆ ಕಾಳಿನಷ್ಟು, ದುಂಡಗೆ, ಕಪ್ಪಗೆ. ಉಮ್ಮತ್ತಿ ಎಂದರೆ ಊರಿನಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಗಿಡವನ್ನೇ ಕಿತ್ತೆಸೆಯುತ್ತಿದ್ದರು, ಹದ ತಪ್ಪಿದರೆ ಮದ್ದಲ್ಲ, ವಿಷ. ಆ ತೂತಿನ ಜಾಗದಲ್ಲಿ ಇವಳು ಏಳು ಎಂದು ಬರೆದಿದ್ದಳು.

ಯಾಕೆ ಏಳು, ಯಾರು ಹೇಳಿದರು ಏಳು, ಮೇಲಿನ ಸಾಲಿನಲ್ಲಿ ಕಾಳುಮೆಣಸು ಏಳು, ಅದರ ಮೇಲೆ ತುಳಸಿ ಏಳು, ಅಜ್ಜಿಯ ಮದ್ದಿನಲ್ಲೂ ಎಲ್ಲವೂ ಏಳೇ, ಕೈ ತಾನಾಗಿ ಒತ್ತಿಬಿಟ್ಟಿತು, ಮೆಂತ್ಯ ಬಿಡಿಸುವ ಕೈಯ ಹಾಗೆ. ಓದಲಾಗದ ಕಡೆ ಓದಲಾಗದು ಎಂದೇ ಬರೆಯಿರಿ ಎಂದು ಸಂಯುಕ್ತಾ ಮೊದಲ ದಿನವೇ ಹೇಳಿದ್ದಳು, ಆದರೆ ಇವಳು ಉಡುಪಿಯ ಕಡೆಯ ಪುರೋಹಿತರ ಮಗಳು, ಮಣೆಯ ಮೇಲೆ ಮರಳು ಹರವಿ ಅಪ್ಪ ಕೈ ಹಿಡಿದು ತಿಗಳಾರಿ ಅಕ್ಷರ ತಿದ್ದಿಸಿದ್ದರು, ಇಂಥವಳಿಗೆ ಓದಲಾಗದು ಎನ್ನುವ ಮಾತೇ ಅವಮಾನ, ಸೊಕ್ಕು, ಅದು ಸೊಕ್ಕೇ, ಬೇರೆ ಹೆಸರು ಬೇಡ. ಆದರೂ ಒಬ್ಬಳ ಸೊಕ್ಕಿನಿಂದ ಇಷ್ಟಾಗುವ ಹಾಗಿರಲಿಲ್ಲ. ಒಂದೊಂದು ಓಲೆಯನ್ನೂ ಇಬ್ಬರು ಬೇರೆ ಬೇರೆ ಕೂತು ಓದಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು, ಎರಡೂ ಓದು ಒಂದೇ ಆದರೆ ಮಾತ್ರ ಹಸಿರು ಗುರುತು ಬಿದ್ದು ಜನರಿಗೆ ತೆರೆಯುತ್ತದೆ, ಅಲ್ಲಿಯವರೆಗೆ ಹಳದಿ. ತಿಗಳಾರಿ ಬಲ್ಲವರು ಎಷ್ಟು ಜನ, ಇವಳ ಓಲೆಗಳು ತಿಂಗಳುಗಟ್ಟಲೆ ಹಳದಿಯಾಗಿಯೇ ಕೊಳೆಯುತ್ತಿದ್ದವು, ನೋಡಿ ನೋಡಿ ಹೊಟ್ಟೆ ಉರಿದು, ಗಂಡ ಪುಂಡರೀಕಾಕ್ಷ ಉತ್ಸಾಹದಲ್ಲಿ ಒಂದು ದಿನ ಖಾತೆ ತೆರೆದು ಎರಡೇ ದಿನಕ್ಕೆ ಬಿಟ್ಟಿದ್ದರಲ್ಲ, ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿತ್ತಲ್ಲ, ಒಂದು ಮಧ್ಯಾಹ್ನ ಅವರ ಹೆಸರಿನಲ್ಲಿ ಒಳಗೆ ಹೋಗಿ ತಾನು ಬರೆದದ್ದನ್ನೇ ಮತ್ತೊಮ್ಮೆ ಬರೆದಳು. ಹಸಿರು! ಎಷ್ಟು ಖುಷಿಯಾಗಿತ್ತು. ಆಮೇಲೆ ಅದೇ ರೂಢಿ, ಆಮೇಲಾಮೇಲೆ ಓಲೆಯ ಕಡೆ ಕಣ್ಣೂ ಹಾಯಿಸದೆ. ಎಂತ ಮಾರಾಯ್ತಿ, ನಾನು ಇವತ್ತು ಎಷ್ಟು ಓಲೆ ಓದಿದೆ, ಎಂದು ಅವರು ಊಟಕ್ಕೆ ಕೂತಾಗ ಕೇಳುತ್ತಿದ್ದರು, ಅಕ್ಷರ ಒಂದೂ ಗೊತ್ತಿಲ್ಲದ ಮನುಷ್ಯ, ಇಬ್ಬರೂ ನಗುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದ್ದು ಇವಳು, ಉಂಡದ್ದು ಭಿವಂಡಿಯ ಯಾವುದೋ ಮುದುಕಿ. ಉಂಡಿರಲಾರಳು, ಬೀಜ ಸಿಕ್ಕಿರಲಿಕ್ಕಿಲ್ಲ, ಭಿವಂಡಿಯಲ್ಲಿ ಎಲ್ಲಿಯ ಉಮ್ಮತ್ತಿ — ರೈಲ್ವೆ ಹಳಿಯ ಪಕ್ಕದಲ್ಲೆಲ್ಲ ಅದೇ, ಅಗೋ ಕಿಟಕಿಯಾಚೆ ಬಿಳೀ ಹೂವು, ಅದೇ, ಅದೇ ಇರಬೇಕು, ಅವಳು ಮುಖ ತಿರುಗಿಸಿದಳು. ಆಗ ಫೋನ್ ಬಂತು.

ಸಾರಿ ಆಂಟಿ, ಈಗ ಹೊರಗ್ಬಂದೆ, ಏನಾಯ್ತು, ಎಂದಳು ಸಂಯುಕ್ತಾ, ಇವಳು ಹೇಳಿದಳು, ಅರ್ಧ ಹೇಳಿದಳು, ಆ ಮದ್ದಿನ ಓಲೆಯಲ್ಲಿ ನನಗೆ ಸ್ವಲ್ಪ ಡೌಟುಂಟು, ಅವರ ನಂಬರ್ ಬೇಕಿತ್ತು. ಯಾರ ನಂಬರೂ ಕೊಡೋ ಹಾಗಿಲ್ಲ ಆಂಟಿ, ರೂಲ್ಸು, ಮತ್ತೆ ಆ ಓಲೆ ಗ್ರೀನ್ ಆಗಿದ್ಯಲ್ಲ, ನೀವೂ ಏಳು ಅಂದಿದೀರ, ಸೆಕೆಂಡ್ ರೀಡರ್ರೂ ಏಳು ಅಂದಿದಾರೆ, ಸುಮ್ನೆ ಟೆನ್ಶನ್ ಮಾಡ್ಕೋಬೇಡಿ, ಬೇಕಾದ್ರೆ ಅವರಿಗೊಂದು ಮೇಲ್ ಹಾಕಿ ಕೇಳ್ತೀನಿ, ಲೈನಲ್ಲೇ ಇರಿ. ಕೀಬೋರ್ಡಿನ ಸದ್ದು. ಅಬ್ಬ, ಹೇಳದಿದ್ದರೂ ನಡೆಯುತ್ತದೆ, ಮೇಲ್ ಹೋಗುತ್ತದೆ, ಆ ಎರಡನೆಯವರು ನೋಡಿ ಉತ್ತರ ಕೊಡುತ್ತಾರೆ ಎಂದು ಒಂದು ಕ್ಷಣ ನಿಜಕ್ಕೂ ನಂಬಿದಳು, ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನೇ ಕಿವಿಯ ಹತ್ತಿರ ಗುರ್ರೆಂದಿತು, ಪುಂಡರೀಕಾಕ್ಷರ ಹೆಸರಿನ ಇಮೇಲೂ ಬರುವುದು ಇದೇ ಫೋನಿಗೆ, ಮಾನ್ಯರೇ, ತಾವು ಓದಿದ ಅಂಕಿ ಸರಿಯೇ ದಯವಿಟ್ಟು ತಿಳಿಸಿ. ಯಾರನ್ನು ಕೇಳುತ್ತಿದ್ದಾಳೆ ಈ ಹುಡುಗಿ, ಜಗತ್ತಿನಲ್ಲಿ ಯಾರೂ ಇಲ್ಲ ಕೇಳಲಿಕ್ಕೆ, ತೂತನ್ನು ನೋಡಿದ್ದು ಒಂದೇ ಜೋಡಿ ಕಣ್ಣು. ಗಾಡಿ ಐರೋಲಿಯಲ್ಲಿ ನಿಂತಿತು, ಚಲಾ ಚಲಾ ಎಂದು ಹಿಂದಿನವಳು ತಳ್ಳಿದಳು, ಪ್ರಫುಲ್ಲಾ ಇಳಿದು, ಪ್ಲಾಟ್‌ಫಾರ್ಮಿನ ಕಂಬ ಹಿಡಿದು ನಿಂತು ಹೇಳಿಬಿಟ್ಟಳು, ಸಂಯುಕ್ತಾ, ಎರಡನೆಯವರು ಯಾರೂ ಇಲ್ಲ ಮಗಾ, ಅದೂ ನಾನೇ, ಅಲ್ಲಿ ಅಂಕಿಯೂ ಇಲ್ಲ, ನಾನೇ ತುಂಬಿಸಿದ್ದು. ಎಷ್ಟು ಓಲೆ ಆಂಟಿ, ಎಂದು ಕೇಳಿದಳು ಸಂಯುಕ್ತಾ. ಎಲ್ಲವೂ. ನೂರ ನಲವತ್ತು ಓಲೆ, ಎರಡು ವರ್ಷದ ಕೆಲಸ, ಅಪ್ಪನ ಹೆಸರು, ಎಲ್ಲ ಒಂದೇ ಮಾತಿಗೆ ನೀರುಪಾಲು, ಹೋಗಲಿ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಆದರೆ ಮುದುಕಿ ಬದುಕಲಿ ದೇವರೇ, ಅದೊಂದಾಗಲಿ. ರೂಲ್ಸು ಮುರಿದು ಸಂಯುಕ್ತಾ ನಂಬರ್ ಕಳಿಸಿದಳು.

ಅಂಗಾರ ಮೂರನೆಯ ರಿಂಗಿಗೆ ಎತ್ತಿದ, ಹಿಂದೆ ಪವರ್‌ಲೂಮಿನ ಖಟಖಟ, ಯಾರು, ಓಲೆ ಓದಿದ ಅಮ್ಮನಾ, ಅಯ್ಯೋ, ನಿಮ್ಮ ಕಾಲಿಗೆ ಬೀಳ್ಬೇಕು ನಾನು, ಎಂತ ಮದ್ದು ಅಮ್ಮ ಅದು, ಮೊದಲು ಸ್ವಲ್ಪ ಹೊತ್ತು ಏನೇನೋ ಬಡಬಡಿಸಿದ್ರು, ತೀರಿಹೋದ ತಂಗಿಯನ್ನೆಲ್ಲ ಕರೆದ್ರು, ಆಮೇಲೆ ಮಲಗಿದವರು ಇನ್ನೂ ಎದ್ದಿಲ್ಲ, ಹನ್ನೊಂದು ಗಂಟೆ ಆಯ್ತು, ಇಪ್ಪತ್ತು ವರ್ಷದಲ್ಲಿ ಹೀಗೆ ನಿದ್ದೆ ಮಾಡಿದ್ದೇ ಇಲ್ಲ, ಎದೆಯ ಆ ಸುಂಯ್ ಸುಂಯ್ ಸದ್ದು ಸಹ ಇಲ್ಲ ನೋಡಿ. ಸದ್ದು ಇಲ್ಲ. ಎಬ್ಬಿಸಿ, ಈಗಲೇ ಎಬ್ಬಿಸಿ, ಅದು ತಪ್ಪು, ನಾನು ತಪ್ಪು ಬರೆದದ್ದು, ಆಸ್ಪತ್ರೆಗೆ ಕರಕೊಂಡು ಹೋಗಿ ಎಂದು ಇವಳು ಕಿರುಚಿದಳು, ಪ್ಲಾಟ್‌ಫಾರ್ಮೇ ತಿರುಗಿ ನೋಡಿತು. ಆತ ಫೋನನ್ನು ಎಲ್ಲೋ ಇಟ್ಟ, ಕಬ್ಬಿಣದ ಮೇಲೆ ಇಟ್ಟ ಹಾಗೆ ಸದ್ದು, ಓಡುವ ಹೆಜ್ಜೆ, ಅಪ್ಪೆ ಎಂದು ತುಳುವಿನಲ್ಲಿ ತಾಯಿಯನ್ನು ಕರೆದ, ಮಲಗಿದವರನ್ನು ಮೆಲ್ಲಗೆ ಎಬ್ಬಿಸುವ ದನಿ, ಲೂಮಿನ ಖಟಖಟ, ಅಪ್ಪೆ, ಈ ಸಲ ಜೋರಾಗಿ, ಅವಳು ಕಣ್ಣು ಮುಚ್ಚಿದಳು, ಮುಚ್ಚಿದರೆ ತೂತು, ತೆರೆದರೆ ತೂತು, ಅಪ್ಪೆ, ಅಪ್ಪೇ, ಖಟಖಟ, ಉತ್ತರ ಬರಬೇಕಾದ ಜಾಗದಲ್ಲಿ ತೂತು, ಸಾಸಿವೆ ಕಾಳಿನಷ್ಟು, ದುಂಡಗೆ, ಕಪ್ಪಗೆ —