ಒಂದು ಚಿಟಿಕೆ ಹೆಚ್ಚು

“ಆ ಕಾಲು ಆಚೆ ತೆಗಿಯೋ ಬೋಳಿಮಗನೇ! ಹಂಡಿಯಾ ಹೆಂಡ ಕುಡ್ದು ಊದಿಸ್ಕೊಂಡು ಬಂದು ನನ್ನ ಬೆಂಚಿನ ಮೇಲೆ ಇಡ್ತೀಯಾ?”

ತೋಟದ ದವಾಖಾನೆಯ ಕಂಪೌಂಡರ್ ಬಾಬು ಹಾಗೆ ಕೂಗಿದಾಗ ನನ್ನ ತಮ್ಮ ಎತ್ವಾ ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ.

“ಅವನು ಹಂಡಿಯಾ ಬಿಟ್ಟು ಒಂಬತ್ತು ವರ್ಷ ಆಯ್ತು ಬಾಬು. ಅಂಗಾಲು ತುರಿಕೆ ಅಂತ ಇಟ್ಟಿಗೆ ಚೂರಲ್ಲಿ ಕೆರ್ಕೊಂಡು ರಕ್ತ ಮಾಡ್ಕೊಂಡವ್ನೆ. ಒಂದ್ಸಲ ಮುಟ್ಟಿ ನೋಡಿ.”

“ನಿಮ್ಮಂಥೋರ ಕಾಲು ಮುಟ್ಲಿ ಅಂತ ನಮ್ಮಪ್ಪ ನನ್ನ ಓದಿಸ್ಲಿಲ್ಲ ಕಣೇ.” ‘ಕೆಲಸ ಮಾಡಬಹುದು’ ಎಂದು ಗೀಚಿ ಚೀಟಿ ಎಸೆದ.

ಎತ್ವಾ ಹನ್ನೊಂದು ವರ್ಷದಿಂದ ಚಹಾ ಗಿಡಗಳಿಗೆ ವಿಷ ಹೊಡೆಯುತ್ತಾನೆ. ಪಂಪು ಸೋರಿ ಬೆನ್ನು ಸದಾ ಒದ್ದೆ. ಕೆಲಸದ ಸಾಲುಗಳಿಗೆ ಚಹಾ ಹೊತ್ತು ತರುವವಳು ನಾನು. ಬೆವರು ಸುರಿಸುವವರಿಗೆ ಅಸ್ಸಾಮಿನಲ್ಲಿ ಸಕ್ಕರೆ ಯಾರು ಕೊಡುತ್ತಾರೆ? ಉಪ್ಪು ಹಾಕಿದ ಕೆಂಪು ಚಹಾ, ಅಷ್ಟೇ. ತಮ್ಮನಲ್ಲವೇ, ಸೊರಗಿದ್ದಾನೆ, ಉಪ್ಪು ಶಕ್ತಿ ಕೊಟ್ಟೀತು ಎಂದು ಅವನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹೆಚ್ಚೇ ಹಾಕುತ್ತಿದ್ದೆ.

ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕಣ್ಣಿನ ಹಳದಿ ನೋಡಿದರು, ಹೊಟ್ಟೆ ಒತ್ತಿದರು.

“ಕಾಯಿಲೆ ಕಾಲಲ್ಲಿಲ್ಲಮ್ಮ, ಲಿವರ್ ಕೆಟ್ಟಿದೆ. ಅದಕ್ಕೇ ಕಾಲಲ್ಲಿ ನೀರು ತುಂಬ್ಕೊಂಡಿದೆ. ಇನ್ನು ವಿಷದ ಹತ್ರ ಹೋಗ್ಬಾರ್ದು. ಉಪ್ಪು ಬಿಡ್ಸು, ತಿಂದಷ್ಟೂ ಊತ ಏರುತ್ತೆ.”

ಅಯ್ಯೋ, ನನ್ನ ಕೈ ಸೇದಿಹೋಗ! ದಾರಿಯುದ್ದಕ್ಕೂ ಅತ್ತೆ.

“ಅಳ್ಬೇಡಕ್ಕ, ನಿನ್ನ ಚಹಾ ಇಲ್ದಿದ್ರೆ ನಾನು ಯಾವತ್ತೋ ಬಿದ್ದೋಗ್ತಿದ್ದೆ” ಎಂದು ಅವನೇ ಸಮಾಧಾನ ಹೇಳಿದ.

ಮರುದಿನ ಬೆಳಿಗ್ಗೆ ಹಾಜರಿ ಹೊತ್ತಿಗೆ ಡಾಕ್ಟರಮ್ಮನ ಕಾಗದವನ್ನು ನಮ್ಮಿಂದ ಕೆಲಸ ಮಾಡಿಸುವ ಸರ್ದಾರನ ಕೈಗಿಟ್ಟೆ.

“ಹೊರಗಿನ ಕಾಗದ ಇಲ್ಲಿ ನಡ್ಯಲ್ಲ, ಬಾಬು ಬರ್ದಿದ್ದೇ ಕೊನೆ. ಏಯ್ ಎತ್ವಾ, ಪಂಪು ಏರಿಸ್ಕೋ. ಇಲ್ಲಾಂದ್ರೆ ತೋಟದ ಮನೆ ಖಾಲಿ ಮಾಡು.”

ಎತ್ವಾ ಪಂಪಿನ ಪಟ್ಟಿಗೆ ತೋಳು ತೂರಿಸಿದ. ಏಳಲಾರದೆ ಪಂಪಿನ ಸಮೇತ ಕುಸಿದ. ಪಕ್ಕದಲ್ಲೇ ನಿಂತಿದ್ದ ಕಂಪೌಂಡರ್ ಬಾಬು ನಕ್ಕ.

“ನೋಡ್ರೋ, ಬೆಳಿಗ್ಗೇನೇ ಏರಿಸ್ಕೊಂಡು ಬಂದವ್ನೆ!”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಬುವಿನ ಮಣಿಕಟ್ಟು ಹಿಡಿದು ನೆಲಕ್ಕೆ ಎಳೆದು, ಅವನ ಹೆಬ್ಬೆರಳನ್ನು ತಮ್ಮನ ಪಾದದ ಮೇಲೆ ಒತ್ತಿದೆ. ಕಲಸಿದ ಹಿಟ್ಟಿನೊಳಗೆ ಇಳಿದಂತೆ ಇಳಿಯಿತು.

“ಮುಟ್ಟೋ! ಮುಟ್ಟಿ ಹೇಳೋ, ಇದು ಹಂಡಿಯಾನಾ?”

ಬಾಬು ಕಿರುಚಿದ. ಸರ್ದಾರ ನನ್ನ ಜುಟ್ಟು ಹಿಡಿದು ಜಗ್ಗಿದ.

“ಬಿಡಕ್ಕ” ಎಂದ ನನ್ನ ತಮ್ಮ, ಬಿದ್ದಲ್ಲಿಂದಲೇ. “ಬಾಬು ಕೈ ಹೊಲಸಾಗ್ತದೆ.”

ನಾನು ಬಿಡಲಿಲ್ಲ.