ತಣ್ಣೀರಿನ ಬಕೆಟ್ಟು

ಆಸ್ಪತ್ರೆಯಿಂದ ಫೋನು ಬಂದಾಗ ಲಾಂಡ್ರಿಯವನು ಯಾರದೋ ಮದುವೆಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. "ಭಾವಾ, ಅಕ್ಕ ಹೋಗ್ಬಿಟ್ಲು" ಎಂದಳು ನಾದಿನಿ. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ಗು ಕಿತ್ತು, ಆಮೇಲೆ ಅತ್ತ. ಕೈಗೆ ಅಷ್ಟು ರೂಢಿ.

ಬೀದಿಯವರು ಅವನನ್ನು 'ಕಲೆ ಡಾಕ್ಟರು' ಎನ್ನುತ್ತಿದ್ದರು. ಎಣ್ಣೆಯೋ ಮಸಿಯೋ, ಬಟ್ಟೆಯ ಮಡಿಕೆ ಬಿಚ್ಚುತ್ತಲೇ ಹೇಳಿಬಿಡುವನು. ರಕ್ತದ ಕಲೆಗೆ ತಣ್ಣೀರೇ ಬೇಕು, ಬಿಸಿನೀರು ತಾಗಿದರೆ ಕೂತುಬಿಡುತ್ತದೆ ಎಂದು ಹೆಂಡತಿಗೆ ಕಲಿಸಿದವನೂ ಅವನೇ. ಅವಳು ಚೆನ್ನಾಗಿಯೇ ಕಲಿತಳು. ಹೊತ್ತಲ್ಲದ ಹೊತ್ತಿನಲ್ಲಿ ಕಾಣಿಸಿಕೊಂಡ ರಕ್ತವನ್ನು ವರ್ಷವಿಡೀ, ಅವನು ಏಳುವ ಮೊದಲೇ, ಹಿತ್ತಲಿನ ಬಕೆಟ್ಟಿನಲ್ಲಿ ತೊಳೆದುಹಾಕಿದಳು. ಗರ್ಭಕಂಠದ ಕ್ಯಾನ್ಸರ್ ಎಂದು ಆಸ್ಪತ್ರೆಯವರು ಹೇಳಿದ ಮೇಲಷ್ಟೇ ಬಾಯಿಬಿಟ್ಟಳು. ಊರವರ ಕಲೆಯೆಲ್ಲ ಕಂಡ ಕಣ್ಣಿಗೆ ಮನೆಯದು ಕಂಡಿರಲಿಲ್ಲ.

ಮಣ್ಣು ಮಾಡಿ ಬಂದ ವಾರದಲ್ಲೇ ಬಡಾವಣೆಯ ನರ್ಸಮ್ಮ ಬಂದರು. "ನಾಳೆ ಶಾಲೇಲಿ ಹುಡುಗಿಯರಿಗೆ ಲಸಿಕೆ. ಅದೇ ಕ್ಯಾನ್ಸರಿಗೆ. ನಿಮ್ಮ ಮಗಳಿಗೂ ಹಾಕ್ಸಿ."

ಅವನ ತಾಯಿ ಬಾಗಿಲಿಗೆ ಅಡ್ಡ ನಿಂತಳು. "ಇನ್ನೂ ಹಾಲುಗಲ್ಲದ ಮಗು! ಆ ರೋಗ ಗಂಡಸಿನಿಂದ ಬರೋದಂತೆ. ಈಗ್ಲೇ ಚುಚ್ಚಿಸಿದ್ರೆ ಜನ ಏನಂದ್ಕೋತಾರೆ?"

"ಬರೋಕ್ಮುಂಚೆ ಹಾಕಿದ್ರೇನೇ ಉಪಯೋಗ ಅಜ್ಜಿ. ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡ್ತಾರಾ? ಹುಡುಗಿಯರಿಗೆ ಹಾಕಿಸಿದ ಕಡೆಯೆಲ್ಲ ಈ ಕ್ಯಾನ್ಸರ್ ಇಳೀತಾ ಇದೆ. ನಾಚ್ಕೊಂಡು ಕೂತಿರೋ ಕಡೆ ಇಳೀತಿಲ್ಲ."

"ನನ್ನ ಸೊಸೆ ಅಂಥವಳಲ್ಲ!"

"ಅಂಥವಳು ಅಂದೋರ್ಯಾರು? ಗಂಡಹೆಂಡಿರಾದ ಬಹುಪಾಲು ಜನರ ಮೈಗೆ ಈ ಕ್ಯಾನ್ಸರ್ ತರೋ ವೈರಸ್ಸು ಒಂದ್ಸಲ ಬಂದು ಹೋಗುತ್ತೆ. ಕೆಲವರಲ್ಲಿ ಹೋಗಲ್ಲ, ಕೂತುಬಿಡುತ್ತೆ."

ಹಾಗಾದರೆ ಅದು ತನ್ನಿಂದಲೇ ಬಂದಿರಬಹುದು ಎಂದು ಲಾಂಡ್ರಿಯವನಿಗೆ ಹೊಳೆಯಿತು. ಅವನು ತಾಯಿಯತ್ತ ತಿರುಗಿದ.

"ಅಮ್ಮಾ, ಅವಳಿಗೆ ರಕ್ತ ಹೋಗ್ತಿದ್ದದ್ದು ನಿನಗೆ ಗೊತ್ತಿತ್ತಾ?"

ಮುದುಕಿ ನೆಲ ನೋಡಿದಳು. "ಹೇಳಿದ್ಲು. ಹೆಂಗಸ್ರಿಗೆ ಇದೆಲ್ಲ ಇದ್ದದ್ದೇ, ಗಂಡಸ್ರ ಕಿವಿಗೆ ಹಾಕ್ಬೇಡ ಅಂದೆ."

ಅವನು ಹಿತ್ತಲಿಗೆ ನಡೆದ. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತು.

ಮರುದಿನ ಅಂಗಡಿ ತೆರೆಯದೆ ಮಗಳ ಕೈಹಿಡಿದು ಹೊರಟ. ಶಾಲೆಯ ಗೇಟಿನಲ್ಲಿ ತಿರುಗಿ ನೋಡಿದರೆ ತಾಯಿ ಏದುಸಿರು ಬಿಡುತ್ತ ಹಿಂದೆಯೇ ಬರುತ್ತಿದ್ದಳು.

ಚುಚ್ಚಿದ ಜಾಗದಿಂದ ಒಂದು ಹನಿ ರಕ್ತ ಹುಡುಗಿಯ ಸಮವಸ್ತ್ರದ ಬಿಳಿ ತೋಳಿಗೆ ತಾಗಿತು. ಅವಳು ಗಾಬರಿಯಿಂದ ಅಂಗೈಯಲ್ಲಿ ಮುಚ್ಚಿಕೊಂಡಳು.

"ಮುಚ್ಕೋಬೇಡ ಕಣೇ," ಎಂದು ಮುದುಕಿ ಮೊಮ್ಮಗಳ ಕೈ ಸರಿಸಿದಳು. "ನಿಮ್ಮಪ್ಪ ನೋಡ್ಲಿ." ಆಮೇಲೆ ಬೆಂಚಿನ ಮೇಲೆ ಕುಸಿದು, ಕಣ್ಣು ಮುಚ್ಚಿ, ಕೈಮುಗಿದಳು.

ದೇವರೇ, ನನ್ನ ಮಾತು ಕೇಳಿ ಬಾಯಿ ಮುಚ್ಚಿಕೊಂಡು ಹೋದ ಆ ಹೆಣ್ಣಿಗೆ ನಿನ್ನ ಪಾದದಲ್ಲಾದರೂ ನೆಮ್ಮದಿ ಕೊಡು.